ಮಂಗಳವಾದ್ಯವೂ ವಾದ್ಯಾಂತರವೂ

ಗುರುಗಳ ಅಡ್ಡಪಲ್ಲಕ್ಕಿಯಾಗಲಿ, ದೇವರ ರಥವಾಗಲಿ, ಮದುವೆಯ ದಿಬ್ಬಣವಾಗಲಿ ವಾದ್ಯಘೋಷವಿಲ್ಲದೆ ಹೊರಡುವ ರೂಢಿಯು ಕನ್ನಡನಾಡಿನಲ್ಲಿಲ್ಲ. ಉತ್ತರದ ಮಠಗಳ ಉತ್ಸವಗಳಲ್ಲಿ ಶಹನಾಯಿ, ಸಮಾಳ, ಕರಡಿಮಜಲುಗಳೂ, ಮೈಸೂರು ಸೀಮೆಯಲ್ಲಿ ನಾಗಸ್ವರ, ಡೋಲುಗಳೂ ಈ ಕಾರ್ಯಕ್ಕೆ ಒದಗಿಬಂದಿವೆ. ಬಯಲಿನಲ್ಲಿ ನಡೆಯುತ್ತ ನುಡಿಸುವ ವಾದ್ಯಕ್ಕೆ ದೂರ ಮುಟ್ಟುವ ಧ್ವನಿಯು ಬೇಕಷ್ಟೆ. ವೀಣೆಯು ಎಷ್ಟು ಶ್ರೇಷ್ಠವಾದರೂ ಮೆರವಣಿಗೆಗೆ ಸಲ್ಲದು. ಆದರೆ ಇಂದು ಬೆಂಗಳೂರಿನ ಜಯನಗರ, ಬನಶಂಕರಿ ಮೊದಲಾದ ದಕ್ಷಿಣದ ಬಡಾವಣೆಗಳ ಕಲ್ಯಾಣಮಂಟಪಗಳಲ್ಲಿ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸಫೋನು ಕೇಳಿಬರುವುದು ಅಪೂರ್ವವಲ್ಲ. ಪರದೇಶದ ದಂಡಿನ ವಾದ್ಯವು ಮಂಗಳವಾದ್ಯದ ಪೀಠವನ್ನೇರಿದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಈ ವಾದ್ಯವನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ಶಿಲ್ಪಿ. ಇವನ ಜನನವು 1814ರಲ್ಲಿ. 1845ರ ಏಪ್ರಿಲಿನಲ್ಲಿ ಪ್ಯಾರಿಸ್ ನಗರದ ಮೈದಾನವೊಂದರಲ್ಲಿ ಎರಡು ಬ್ಯಾಂಡುಗಳಿಗೆ ಸ್ಪರ್ಧೆಯು ನಡೆಯಿತು. ಒಂದರಲ್ಲಿ ಹಳೆಯ ವಾದ್ಯಗಳ ಕ್ರಮ; ಮತ್ತೊಂದರಲ್ಲಿ ಸ್ಯಾಕ್ಸನು ಮಾಡಿದ ಹೊಸ ವಾದ್ಯಗಳು. ಎರಡನೆಯದರಲ್ಲಿ ವಾದಕರು ಕಡಮೆಯಿದ್ದರೂ ಜನರ ಮೆಚ್ಚುಗೆಯು ಅದಕ್ಕೇ ದೊರೆಯಿತು. ಫ್ರೆಂಚ್ ದಂಡಿನ ಬ್ಯಾಂಡುಗಳು ತಮ್ಮ ವಾದ್ಯಗಳನ್ನು ಬದಲಿಸಿಕೊಂಡವು. ಮರುವರ್ಷ 1846ರಲ್ಲಿ ಸ್ಯಾಕ್ಸಫೋನಿಗೆ ಹಕ್ಕುಪತ್ರವು ಲಭಿಸಿತು.

ಮೈಸೂರು ಅರಮನೆಯಲ್ಲಿ ಬ್ಯಾಂಡು 19ನೆಯ ಶತಮಾನದಲ್ಲಿಯೇ ನೆಲೆಗೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಅದು ಉಚ್ಛ್ರಾಯಕ್ಕೇರಿತು. ಆಟೋ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸನು ಪಾಶ್ಚಾತ್ಯ ವಾದ್ಯಗಳನ್ನು ಕಲಿಸಿದನು. ವೈಣಿಕ ವೆಂಕಟಗಿರಿಯಪ್ಪನವರು ವಾದ್ಯಮೇಳಕ್ಕೆಂದೇ ನಗ್ಮಾಗಳನ್ನು ರಚಿಸಿದರು. ಸಂಸ್ಥಾನವು ವಿಲೀನವಾದ ಮೇಲೆ ಈ ಬ್ಯಾಂಡು ಪೊಲೀಸು ಇಲಾಖೆಗೆ ಸೇರಿತು.

ಈ ಬ್ಯಾಂಡಿನಲ್ಲಿ ನುಡಿದ ಸ್ಯಾಕ್ಸಫೋನನ್ನು ಕೇಳಿ ಮರುಳಾದವರು ಕದ್ರಿ ಗೋಪಾಲನಾಥರು. ಅವರು 1949ರಲ್ಲಿ ಬಂಟವಾಳದ ಸಮೀಪದ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠವೂ ಅದರದೇ. ಕುಲವಿದ್ಯೆಯನ್ನು ಬಿಟ್ಟು ಪರವಾದ್ಯವನ್ನು ಹಿಡಿಯುವುದು ಲಘುವಾದ ನಿರ್ಧಾರವಲ್ಲ. ಹಿಡಿದುದು ಕೈಗೂಡದಿದ್ದರೆ ಇದ್ದುದೂ ಕೈಬಿಡುತ್ತಿತ್ತು.

ಕಷ್ಟವು ವಾದ್ಯದ ರಚನೆಯಲ್ಲಿಯೇ ಇದೆ. ನಾಗಸ್ವರದಲ್ಲಿ ಜೋಡಿ ನಾಲಿಗೆಯ ಪೀಪಿ. ರಂಧ್ರಗಳ ಮೇಲೆ ಬೆರಳೇ ನೇರವಾಗಿ ಕುಳಿತುಕೊಳ್ಳುತ್ತದೆ. ಬೆರಳನ್ನು ತುಸು ಸರಿಸಿ, ತುಟಿಯನ್ನು ತುಸು ಬಿಗಿದು, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರಬಹುದು. ಸ್ಯಾಕ್ಸಫೋನಿನ ನಾಲಿಗೆಯು ಒಂಟಿ. ಮೈ ಹಿತ್ತಾಳೆಯದಾದರೂ ಈ ನಾಲಿಗೆಯ ದೆಸೆಯಿಂದ ಅದು ಮರದ ವಾದ್ಯಗಳ ಪಂಗಡಕ್ಕೇ ಸೇರುತ್ತದೆಂಬುದೊಂದು ವಿನೋದ. ಅಲ್ಲಿ ರಂಧ್ರಗಳನ್ನು ಮುಚ್ಚುವುದು ಬೆರಳಲ್ಲ, ಕೀಲಿಯ ಮುಚ್ಚಳ. ಸ್ವರಗಳು ಮೆಟ್ಟಿಲುಗಳಂತೆ ಬೇರೆಬೇರೆಯಾಗಿ ನಿಲ್ಲುತ್ತವೆ. ಬ್ಯಾಂಡಿನ ನಡೆಗೆ ಇದು ಗುಣವೇ. ತೋಡಿ, ಭೈರವಿಗಳ ಗಮಕಕ್ಕೆ ಮಾತ್ರ ದೊಡ್ಡ ತೊಡಕು. ಬೆರಳಿನ ಕೆಲಸವನ್ನು ಉಸಿರು, ತುಟಿ, ಗಂಟಲುಗಳು ವಹಿಸಬೇಕಾಯಿತು. ಈ ಸಿದ್ಧಿಗೆ ಅವರಿಗೆ ಸುಮಾರು 20 ವರ್ಷಗಳು ಹಿಡಿದುವೆಂದು ಪ್ರತೀತಿ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರವರಲ್ಲಿ ಕಲಿತ ತರುವಾಯ ಅವರು ಮದರಾಸಿನ ಟಿ. ವಿ. ಗೋಪಾಲಕೃಷ್ಣನ್‌ರವರನ್ನು ಆಶ್ರಯಿಸಿದರು. ಇವರು ಗಾಯಕರು, ಮೃದಂಗ ವಿದ್ವಾಂಸರು. ಊದುವ ವಾದ್ಯದಿಂದ ಪ್ರಸಿದ್ಧರಾದವರಲ್ಲ. ವಾದ್ಯಾಂತರದ ಮರ್ಮವು ಇಲ್ಲಿಯೇ ಇದ್ದಂತೆ ತೋರುತ್ತದೆ: ಬಾಯಲ್ಲಿ ಹಾಡಬಲ್ಲುದನ್ನು ಮಾತ್ರ ವಾದ್ಯದಿಂದ ಕೇಳಬಹುದು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ ಒಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರೊಮೆನೇಡ್ ಕಚೇರಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ಕಾಲವಾದರು.

ಅಷ್ಟರಲ್ಲಿ ಕರಾವಳಿಯ ದೇವಾಲಯಗಳಲ್ಲಿಯೂ ಮದುವೆಗಳಲ್ಲಿಯೂ ಸ್ಯಾಕ್ಸಫೋನು ಮನೆಯ ವಾದ್ಯವಾಗಿತ್ತು. ನಾಗಸ್ವರವನ್ನು ನುಡಿಸುವವರಿಗೆ ಇದರಿಂದ ಕರೆಗಳು ತಗ್ಗಿದುವೆಂಬ ವ್ಯಥೆಯನ್ನು ಅಲ್ಲಗಳೆಯಲಾಗದು. ಬದಲಾಗದೆ ಉಳಿದುದು ಪಕ್ಕದ ವಾದ್ಯ. ಮಾಂಗಲ್ಯಧಾರಣದ ಹೊತ್ತಿಗೆ ಪುರೋಹಿತರು ಬೆರಳೆತ್ತಿದರೆ ಗಟ್ಟಿಮೇಳಕ್ಕೆ ಮೊದಲು ಸಿಡಿಯುವುದು ಹಿಂದಿನ ಆ ಡೋಲೇ.