ತೋಳ ಕಾಣದ ತೋಳಮಾನವ

2001ರ ಮೇ ತಿಂಗಳು. ದೆಹಲಿಯಲ್ಲಿ ಬಿಸಿಲು ಇಳಿದರೂ ಸೆಖೆ ಇಳಿಯದ ದಿನಗಳು. ಕರೆಂಟ್ ಹೋದರೆ ಜನ ಹಾಸಿಗೆ ಎತ್ತಿಕೊಂಡು ತಾರಸಿ ಹತ್ತುತ್ತಿದ್ದರು. ಗಾಜಿಯಾಬಾದ್ ಕಡೆಯಿಂದ ಒಂದು ಸುದ್ದಿ ಹೊರಟಿತು: ರಾತ್ರಿ ಏನೋ ಒಂದು ತಾರಸಿಯಿಂದ ತಾರಸಿಗೆ ಹಾರಿ ಮಲಗಿದವರನ್ನು ಪರಚುತ್ತಿದೆ. ನೋಡಿದವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಒಬ್ಬರಿಗೆ ಅದು ನಾಲ್ಕಡಿ ಎತ್ತರ, ಮೈತುಂಬ ಕಪ್ಪು ಕೂದಲು. ಇನ್ನೊಬ್ಬರಿಗೆ ತಲೆಗೆ ಹೆಲ್ಮೆಟ್, ಕೈಗೆ ಲೋಹದ ಉಗುರು, ಉರಿಯುವ ಕೆಂಪು ಕಣ್ಣು. ಹೆಸರು ಮಾತ್ರ ಎಲ್ಲರಿಗೂ ಒಂದೇ: ಕಾಲಾ ಬಂದರ್.

ಸುದ್ದಿ ನೋಯ್ಡಾ, ಪೂರ್ವ ದೆಹಲಿಗಳನ್ನು ಹೊಕ್ಕು ಪತ್ರಿಕೆ, ಟಿ.ವಿ.ಗಳ ಮೂಲಕ ನಗರದ ಇನ್ನೊಂದು ತುದಿಯ ಆರ್.ಕೆ.ಪುರಂಗೂ ತಲುಪಿತು. ಸೆಕ್ಟರ್ ಲೆಕ್ಕದಲ್ಲಿ ಎದ್ದುನಿಂತ ಸರಕಾರಿ ನೌಕರರ ಬಡಾವಣೆ ಅದು. ದೆಹಲಿ ಕರ್ನಾಟಕ ಸಂಘದ ಕಟ್ಟಡ ಇರುವುದು ಅದರ 12ನೇ ಸೆಕ್ಟರಿನಲ್ಲಿ, ಸಂಗಮ್ ಚಿತ್ರಮಂದಿರ 9ರಲ್ಲಿ. ಇಲ್ಲಿನ ಮನೆಗಳಿಗಾಗಲಿ, ದೇಶದ ಇನ್ಯಾವ ಮಧ್ಯಮವರ್ಗದ ಮನೆಗಾಗಲಿ ಕೂದಲು ಮುಚ್ಚಿದ ರಾಕ್ಷಸ ಹೊಸಬನಾಗಿರಲಿಲ್ಲ. 1993ರಿಂದ ಅವನು ಕೇಬಲ್ ತಂತಿಯಲ್ಲೇ ಮನೆಗೆ ಬರುತ್ತಿದ್ದ.

ಆ ವರ್ಷ ಶುರುವಾದ ‘ಝೀ ಹಾರರ್ ಶೋ’ವನ್ನು ಮಾಡಿದವರು ರಾಮ್ಸೆ ಸಹೋದರರು. ಅವರ ತಂದೆ ಎಫ್.ಯು. ರಾಮ್ಸೆ ದೇಶವಿಭಜನೆಗೆ ಮುಂಚೆ ಕರಾಚಿಯಲ್ಲಿ, ಆಮೇಲೆ ಮುಂಬಯಿಯಲ್ಲಿ ರೇಡಿಯೊ ಅಂಗಡಿ ನಡೆಸಿದವರು. ಸಿನಿಮಾಕ್ಕೆ ಕೈಹಾಕಿ ಸೋತರು. 1970ರಲ್ಲಿ ಸೋತ ಅಂಥದೊಂದು ಚಿತ್ರದಲ್ಲಿ ಒಂದೇ ಒಂದು ದೃಶ್ಯ ಜನರನ್ನು ಹಿಡಿದಿಟ್ಟಿತ್ತು. ಪೃಥ್ವಿರಾಜ್ ಕಪೂರ್ ರಾಕ್ಷಸನ ಮುಖವಾಡ ತೊಟ್ಟು ಕಳ್ಳತನಕ್ಕೆ ಇಳಿಯುವ ದೃಶ್ಯ ಅದು. ಮಕ್ಕಳು ಅದನ್ನು ಗಮನಿಸಿದರು. ಜನಕ್ಕೆ ಬೇಕಿರುವುದು ಆ ಮುಖವಾಡವಾದರೆ ಇಡೀ ಚಿತ್ರವನ್ನೇ ಅದರ ಸುತ್ತ ಕಟ್ಟಬಹುದಲ್ಲ? 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಹುಟ್ಟಿದ್ದು ಹೀಗೆ. ಮಹಾಬಲೇಶ್ವರದ ಅತಿಥಿಗೃಹದಲ್ಲಿ ಬಿಡಾರ, ಮನೆಮಂದಿಯೇ ಕೆಲಸಗಾರರು, ದೊಡ್ಡ ತಾರೆಯರಿಲ್ಲ. ಒಬ್ಬ ಅಣ್ಣ ಕ್ಯಾಮೆರಾ ಹಿಡಿದರೆ ಇನ್ನೊಬ್ಬ ಧ್ವನಿ ನೋಡಿಕೊಂಡ. 1984ರ ‘ಪುರಾನಾ ಮಂದಿರ್’ ದೊಡ್ಡ ಗೆಲುವು ತಂದಿತು. ಅದರ ಸಾಮ್ರಿ ಎಂಬ ರಾಕ್ಷಸನಾಗಿದ್ದ ಅನಿರುದ್ಧ ಅಗರ್ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್.

ಕಡಿಮೆ ಹಣದಲ್ಲಿ ಹೆದರಿಸಬೇಕಾದವರಿಗೆ ಕಥಾಗುಚ್ಛ ಹಳೆಯ ಉಪಾಯ. ಒಂದು ಬಂಗಲೆ, ಒಂದು ಹೊಗೆಯ ಯಂತ್ರ, ಒಂದು ರಬ್ಬರ್ ಮುಖವಾಡ ಇದ್ದರೆ ನಾಲ್ಕು ಕಥೆ ಹೇಳಬಹುದು. ಕಥೆ ಚಿಕ್ಕದಾದಷ್ಟೂ ಮುಖವಾಡದ ಹೊಲಿಗೆ ಕಾಣುವ ಮೊದಲೇ ಮುಗಿದಿರುತ್ತದೆ. ಬ್ರಿಟನ್ನಿನ ಅಮಿಕಸ್ ಕಂಪನಿ 1965ರಲ್ಲಿ ‘ಡಾಕ್ಟರ್ ಟೆರರ್ಸ್ ಹೌಸ್ ಆಫ್ ಹಾರರ್ಸ್’ ಮಾಡಿದ್ದು ಇದೇ ಲೆಕ್ಕದ ಮೇಲೆ. ಅದರ ಮೊದಲ ಕಥೆಯೇ ತೋಳಮಾನವನದು. ನಮಗೆ ಈ ಕಟ್ಟು ಪರದೇಶದಿಂದ ಬರಬೇಕಿರಲಿಲ್ಲ. ಹೆಗಲ ಮೇಲಿನ ಬೇತಾಳ ಇಪ್ಪತ್ತೈದು ಕಥೆ ಹೇಳಿ ಎಷ್ಟೋ ಶತಮಾನಗಳಾಗಿದ್ದವು.

ಬರದೇ ಉಳಿದದ್ದು ತೋಳ. ಇಂಗ್ಲಿಷಿನ ‘ವೇರ್‌ವುಲ್ಫ್’ ಪದದ ‘ವೇರ್’ ಎಂದರೆ ಮನುಷ್ಯ; ಸಂಸ್ಕೃತದ ‘ವೀರ’ ಅದರ ದಾಯಾದಿ. ‘ವುಲ್ಫ್’ನ ದಾಯಾದಿ ‘ವೃಕ’. ಆ ಪದದ ಎರಡೂ ತುಂಡುಗಳು ನಮ್ಮಲ್ಲಿದ್ದವು, ಜೋಡಿಸಿದವರಿಲ್ಲ. ಭೀಮನಿಗೆ ವೃಕೋದರನೆಂಬ ಹೆಸರಿದೆ. ಅಲ್ಲಿ ತೋಳ ಹಸಿವಿನ ಹೆಸರೇ ಹೊರತು ಶಾಪದ್ದಲ್ಲ. ಕನ್ನಡದ ‘ತೋಳಮಾನವ’ ಅನುವಾದಕ್ಕಾಗಿ ಹುಟ್ಟಿದ ಪದ. ಕರಾವಳಿಯಲ್ಲಿ ಮನುಷ್ಯ ಹುಲಿಯಾಗುತ್ತಾನೆ, ನವರಾತ್ರಿಗೆ ಬಣ್ಣ ಬಳಿದುಕೊಂಡು. ಹೆಂಗಸು ಹಾವಾಗುವುದಂತೂ ಸಿನಿಮಾಕ್ಕೆ ಬೇಸರವಾಗದ ಕಥೆ.

ಆದ್ದರಿಂದ ತೋಳಮಾನವ ಇಲ್ಲಿಗೆ ಬಂದಾಗಲೆಲ್ಲ ವೇಷ ಬದಲಿಸಿದ. ರಾಜಕುಮಾರ್ ಕೊಹ್ಲಿಯ ‘ಜಾನೀ ದುಷ್ಮನ್’ (1979) ಚಿತ್ರದಲ್ಲಿ ಮನುಷ್ಯ ಕೂದಲಿನ ಮೃಗವಾಗುವುದು ಕೆಂಪು ಬಟ್ಟೆಯುಟ್ಟ ಮದುಮಗಳನ್ನು ಕಂಡಾಗ. 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಚಿತ್ರದ ಮೈ ಬದಲಾಗುವ ದೃಶ್ಯಕ್ಕೆ ರಿಕ್ ಬೇಕರ್ ಪ್ರಸಾಧನದ ಆಸ್ಕರ್ ಪಡೆದರು. ಅದೇ ಕಥೆ ಮಹೇಶ್ ಭಟ್ಟರ ‘ಜುನೂನ್’ (1992) ಆಗುವಾಗ ತೋಳ ಹೋಗಿ ಹುಲಿ ಬಂತು. ಹಿಂದಿಯ ದೊಡ್ಡ ಪರದೆಗೆ ‘ಭೇಡಿಯಾ’ ಎಂಬ ಹೆಸರಲ್ಲೇ ತೋಳಮಾನವ ಬಂದದ್ದು 2022ರಲ್ಲಿ. ಅವನೂ ಅರುಣಾಚಲದ ಕಾಡು ಕಾಯುವವನಾಗಿ ಬಂದ.

ಸಿನಿಮಾ ಹೀಗೆ ತೋಳವನ್ನು ದೂರವಿಟ್ಟಿದ್ದಾಗ, ಊರುಗಳಲ್ಲಿ ಅದು ನಿಜಕ್ಕೂ ಬಂದಿತ್ತು. 1996ರಲ್ಲಿ ಉತ್ತರ ಪ್ರದೇಶದ ಪ್ರತಾಪಗಢ, ಸುಲ್ತಾನ್‌ಪುರ, ಜೌನ್‌ಪುರಗಳಲ್ಲಿ ಮನೆಯಂಗಳದಿಂದ ಹತ್ತಾರು ಮಕ್ಕಳು ಕಾಣೆಯಾದರು. ವನ್ಯಜೀವಿ ತಜ್ಞರು ಹೆಜ್ಜೆ, ಗಾಯ ನೋಡಿ ಇದು ತೋಳದ ಕೆಲಸ ಎಂದರು. ಎಷ್ಟೋ ಹಳ್ಳಿಗರು ಒಪ್ಪಲಿಲ್ಲ. ಅವರ ಪ್ರಕಾರ ಅದು ‘ಮನಾಯಿ’: ಅರ್ಧ ಮನುಷ್ಯ, ಅರ್ಧ ತೋಳ. ಅಂಥದ್ದು ಮನುಷ್ಯರ ರೂಪದಲ್ಲೇ ಊರಿಗೆ ಬರಬೇಕಲ್ಲವೆ? ಗುರುತಿಲ್ಲದ ದಾರಿಹೋಕರ ಮೇಲೆ ಜನ ಬಿದ್ದರು. ಹಾಗೆ ಏಟು ತಿಂದು ಸತ್ತವರೂ ಇದ್ದಾರೆ. ಮಕ್ಕಳನ್ನು ಕಳೆದುಕೊಂಡವರ ದುಃಖ ನಿಜ, ತೋಳವೂ ನಿಜ. ಸುಳ್ಳಾಗಿದ್ದದ್ದು ನಡುವಿನ ಕಥೆಯೊಂದೇ, ಮನುಷ್ಯರನ್ನು ಕೊಂದದ್ದು ಅದೂ ಹೌದು.

ಐದು ವರ್ಷದ ಮೇಲೆ ದೆಹಲಿಯಲ್ಲಿ ತೋಳವೂ ಬೇಕಾಗಲಿಲ್ಲ. ಪೊಲೀಸರು ಚಿತ್ರ ಬರೆಸಿದರು, ಸುಳಿವು ಕೊಟ್ಟವರಿಗೆ 50,000 ರೂಪಾಯಿ ಬಹುಮಾನ ಘೋಷಿಸಿದರು, ಸಾವಿರಾರು ಸಿಬ್ಬಂದಿಯನ್ನು ಗಸ್ತಿಗೆ ಹಾಕಿದರು. ಬಂತು ಬಂತು ಎಂಬ ಕೂಗಿಗೆ ಎದ್ದು ಓಡಿದ ಗರ್ಭಿಣಿಯೊಬ್ಬಳು ಮೆಟ್ಟಿಲಿಂದ ಬಿದ್ದು ಸತ್ತಳು. ಗಿಡ್ಡನೆಯ ಒಬ್ಬ ಅಲೆಮಾರಿ ಸಾಧುವನ್ನು ಅವನ ಎತ್ತರ ಕಂಡೇ ಜನ ಹೊಡೆದರು. ಕೊನೆಗೆ ಸಿಕ್ಕಿದ್ದು ಏನೂ ಇಲ್ಲ. ಗಾಯಗಳು ಹೆಚ್ಚಿನವು ಸಣ್ಣ ಗೀರುಗಳು; ಇಲಿ, ಬೆಕ್ಕು, ಕತ್ತಲಲ್ಲಿ ತಾಗಿದ ಏನಾದರೂ ಮಾಡಬಹುದಾದವು. ತನಿಖೆ ಇದನ್ನು ಸಾಮೂಹಿಕ ಭೀತಿ ಎಂದು ಕೈಬಿಟ್ಟಿತು. 2009ರ ‘ಡೆಲ್ಲಿ-6’ ಚಿತ್ರದಲ್ಲಿ ಗುಂಪು ಹಿಡಿದು ಬಡಿಯುವುದು ಕಪಿಯ ಮುಖವಾಡ ತೊಟ್ಟ ನಾಯಕನನ್ನೇ.

ರಾಮ್ಸೆಗಳ ರಾಕ್ಷಸನಿಗೂ ಕಾಲಾ ಬಂದರ್‌ಗೂ ವ್ಯತ್ಯಾಸ ಇಷ್ಟೆ. ಅಲ್ಲಿ ಮುಖವಾಡದ ಹೊಲಿಗೆ ಪ್ರೇಕ್ಷಕನಿಗೆ ಕಾಣುತ್ತಿತ್ತು. ಹೆದರಿದವನು ನಗುತ್ತಲೂ ಇದ್ದ. ಆ ಅಗ್ಗದ ರಬ್ಬರು, ಭಯಕ್ಕೆ ಒಂದು ಬೇಲಿ. ತಾರಸಿಯ ಕಥೆಗೆ ಹೊಲಿಗೆ ಇರಲಿಲ್ಲ. ಕಥೆಗೆ ಮುಖ ಬೇಕಾದಾಗ ದಾರಿಯಲ್ಲಿ ಸಿಕ್ಕ ಬಡವನ ಮುಖವೇ ಆಯಿತು.

ತೋಳಕ್ಕೂ ಇದರಿಂದ ಒಳ್ಳೆಯದಾಗಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹೆಸರಿದ್ದರೂ ಬಯಲುಸೀಮೆಯ ಕುರುಚಲು ಕಾಡು ಕರಗುತ್ತಿದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಒಂದು ಧಾಮವಿದೆ. ಕುರಿಗಾರರು ಅದನ್ನು ಕಳ್ಳನೆಂದು ಬೈದಾರು, ದೆವ್ವವೆಂದು ಮಾತ್ರ ಹೇಳುವುದಿಲ್ಲ. ದಿನವೂ ಕಾಣುವ ಪ್ರಾಣಿಗೆ ಅಷ್ಟು ಕಥೆ ಅಂಟುವುದಿಲ್ಲ.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತದೆ ಕನ್ನಡದ ಗಾದೆ. ಅದು ತೋಳದ ಮೇಲಿನ ಮಾತಲ್ಲ, ಕಲ್ಲು ಹಿಡಿದ ಆಳುಗಳ ಮೇಲಿನದು. 1996ರಲ್ಲೂ 2001ರಲ್ಲೂ ಹಳ್ಳದಲ್ಲಿ ಬಿದ್ದಿದ್ದವರು ಮನುಷ್ಯರು.