ಉತ್ತವರು ಯಾರು, ಚೆಕ್ ಯಾರಿಗೆ?

ರೈತರಿಗೆ ಅಂತ ಸರ್ಕಾರ ಕೊಡೋ ದುಡ್ಡು ಯಾರ ಕೈ ಸೇರುತ್ತೆ? ಅಮೆರಿಕದ ಅರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯ ಕಥೆ ಕೇಳಿ.

1933. ಹತ್ತಿ ಬೆಲೆ ನೆಲ ಕಚ್ಚಿತ್ತು. ಬೆಲೆ ಏರಲಿ ಅಂತ ಸರ್ಕಾರ ಹೊಸ ಕಾಯ್ದೆ ತಂತು: ಬೆಳೆದು ನಿಂತ ಹತ್ತಿಯನ್ನು ಉತ್ತು ಹಾಕಿದರೆ ದುಡ್ಡು! ದೇಶದಲ್ಲಿ ಸುಮಾರು 1 ಕೋಟಿ ಎಕರೆ ಹತ್ತಿ ಮಣ್ಣುಪಾಲಾಯ್ತು. ಚೆಕ್ ಹೋಗಿದ್ದು ಮಾತ್ರ ಜಮೀನ್ದಾರನಿಗೆ. ಕೋರಿಗೆ ಉಳುವವನಿಗೂ ಪಾಲು ಕೊಡಬೇಕಿತ್ತು, ಎಷ್ಟೋ ಕಡೆ ಕೊಡಲಿಲ್ಲ. ಸಾಲದ್ದಕ್ಕೆ, ಬೆಳೆಯೇ ಕಮ್ಮಿ, ಇನ್ನು ಇವರ್ಯಾಕೆ ಅಂತ ಒಕ್ಕಲೆಬ್ಬಿಸಿದರು.

1934ರ ಜುಲೈನಲ್ಲಿ ಟೈರೊನ್ಜಾ ಊರಿನ ಹತ್ತಿರ ಕಪ್ಪು, ಬಿಳಿ ಎರಡೂ ಬಣ್ಣದ ಗೇಣಿದಾರರು ಒಟ್ಟಿಗೆ ಕೂತು ಸಂಘ ಕಟ್ಟಿದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಏಟು ತಿಂದರು, ಜೈಲು ಕಂಡರು...

ಪಹಣಿ ನೋಡಿ ದುಡ್ಡು ಕೊಡೋ ಯೋಜನೆ ಅಂದಾಗಲೆಲ್ಲ ನನಗೆ ಟೈರೊನ್ಜಾ ನೆನಪಾಗುತ್ತೆ. ಉಳುವವನ ಹೆಸರು ಆ ಕಾಗದದಲ್ಲಿ ಇದೆಯಾ?