ಅಸ್ಗರಿಯಿಂದ ಖಿರದ್‌ವರೆಗೆ: ಉರ್ದು ಕಾದಂಬರಿಯ ತ್ಯಾಗಮಯಿ ನಾಯಕಿ

ಕರಾಚಿಯ ಲೇಖಕಿ ಫರ್ಹತ್ ಇಶ್ತಿಯಾಕ್ ಬರೆದ 'ಹಮ್‌ಸಫರ್' ಎಂಬ ಉರ್ದು ಕಾದಂಬರಿಯನ್ನು ಓದಿದವರಿಗಿಂತ ನೋಡಿದವರೇ ಹೆಚ್ಚು. 2011ರ ಸೆಪ್ಟೆಂಬರಿನಿಂದ 2012ರ ಮಾರ್ಚ್‌ವರೆಗೆ ಪಾಕಿಸ್ತಾನದ ಹಮ್ ಟಿವಿಯಲ್ಲಿ ಧಾರಾವಾಹಿಯಾಗಿ ಬಂದ ಅದು 2014ರಲ್ಲಿ ಝಿಂದಗಿ ಚಾನೆಲ್‌ನ ಮೂಲಕ ನಮ್ಮ ದೇಶದ ಮನೆಗಳಿಗೂ ತಲುಪಿತು. 2016ರಲ್ಲಿ ಉರಿ ದಾಳಿಯ ನಂತರ ಆ ಚಾನೆಲ್ ಪಾಕಿಸ್ತಾನಿ ಧಾರಾವಾಹಿಗಳನ್ನು ನಿಲ್ಲಿಸಿತು. ಆದರೆ ಅಷ್ಟರೊಳಗೆ ಖಿರದ್ ಎಂಬ ಹೆಣ್ಣುಮಗಳ ಕಥೆ ದಖ್ಖನಿ ಮಾತನಾಡುವ ನಮ್ಮ ಮನೆಗಳ ಪಡಸಾಲೆಯಲ್ಲಿ ಸಾಕಷ್ಟು ಕಣ್ಣೀರು ಹರಿಸಿಯಾಗಿತ್ತು.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಿಂಧ್‌ನ ಹೈದರಾಬಾದಿನ ಬಡ ಹುಡುಗಿ ಖಿರದ್. ತಾಯಿಗೆ ಕ್ಯಾನ್ಸರ್. ಸಾಯುವ ತಾಯಿಯ ನೆಮ್ಮದಿಗಾಗಿ ಕರಾಚಿಯ ಶ್ರೀಮಂತ ಸೋದರಮಾವನ ಮಗ ಅಶರ್‌ನೊಂದಿಗೆ ಅವಸರದ ನಿಕಾಹ್ ನಡೆಯುತ್ತದೆ. ಇಬ್ಬರಿಗೂ ಬೇಕಿಲ್ಲದ ಮದುವೆ. ಮೆಲ್ಲಗೆ ಒಬ್ಬರನ್ನೊಬ್ಬರು ಅರಿಯುತ್ತಾರೆ, ಪ್ರೀತಿಸಲು ಕಲಿಯುತ್ತಾರೆ. ಅತ್ತೆ ಹೂಡಿದ ಸಂಚಿನಿಂದ ಖಿರದ್‌ಳ ಶೀಲದ ಮೇಲೆ ಆರೋಪ ಬರುತ್ತದೆ, ಗಂಡ ಅವಳ ಮಾತನ್ನು ನಂಬುವುದಿಲ್ಲ. ಗರ್ಭಿಣಿ ಸೊಸೆಯನ್ನು ಅತ್ತೆ ರಾತ್ರೋರಾತ್ರಿ ಹೊರಗೆ ಹಾಕುತ್ತಾಳೆ. ಈ ಅತ್ತೆ ಮಹಿಳೆಯರ ಹಕ್ಕುಗಳಿಗಾಗಿ ಸಂಸ್ಥೆ ನಡೆಸುವ ಸಮಾಜ ಸೇವಕಿ ಎಂಬುದು ಕಥೆಗಾರ್ತಿಯ ಕುಚೋದ್ಯ. ವರ್ಷಗಳ ನಂತರ, ಹೃದಯದ ಕಾಯಿಲೆಯಿರುವ ಮಗಳನ್ನು ಕರೆದುಕೊಂಡು ಖಿರದ್ ಗಂಡನೆದುರು ಬಂದು ನಿಲ್ಲುತ್ತಾಳೆ.

ಇಂಥ ಕಥೆಗಳನ್ನು 'ಡೈಜೆಸ್ಟ್ ಸಾಹಿತ್ಯ' ಎಂದು ಮೂಗು ಮುರಿಯುವುದು ಸುಲಭ. ಕಥೆ ಬರೆಯುವ ನಮ್ಮಂಥವರು ಅದನ್ನು ಇನ್ನೂ ಸಲೀಸಾಗಿ ಮಾಡುತ್ತೇವೆ. ಆದರೆ ಖಿರದ್ ಆಕಾಶದಿಂದ ಉದುರಿದವಳಲ್ಲ. ಅವಳ ಹಿಂದೆ ಸುಮಾರು ನೂರನಲವತ್ತು ವರ್ಷಗಳ ವಂಶಾವಳಿಯಿದೆ.

ಆ ವಂಶದ ಹಿರಿಯಳು ಅಸ್ಗರಿ. 1869ರಲ್ಲಿ ಡೆಪ್ಯುಟಿ ನಝೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳ ಓದಿಗೆಂದು ಬರೆದ 'ಮಿರಾತುಲ್ ಉರೂಸ್', ಅಂದರೆ 'ವಧುವಿನ ಕನ್ನಡಿ', ಉರ್ದುವಿನ ಮೊದಲ ಕಾದಂಬರಿ ಎಂದು ಹೆಸರಾಗಿದೆ. ವಾಯವ್ಯ ಪ್ರಾಂತದ ಸರಕಾರ ಅದಕ್ಕೆ ಒಂದು ಸಾವಿರ ರೂಪಾಯಿಯ ಬಹುಮಾನ ಕೊಟ್ಟಿತ್ತು. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕ-ತಂಗಿಯರು ಇಂದಿಗೂ ನೆಂಟರಿದ್ದಂತೆ. ಅಕ್ಬರಿ ಸಿಡುಕಿ, ಸೋಮಾರಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಳೆದುಕೊಳ್ಳುವವಳು. ಅಸ್ಗರಿ ಓದುಬರಹ ಬಲ್ಲವಳು, ಲೆಕ್ಕಾಚಾರದವಳು.

ನಾವು ಗಮನಿಸಬೇಕಾದ ವಿಷಯವೆಂದರೆ, ಅಸ್ಗರಿ ತ್ಯಾಗಮಯಿಯಲ್ಲ! ಅತ್ತೆಯ ಮನೆಗೆ ಕಾಲಿಟ್ಟು ಅಂಗಡಿಯವರ ಲೆಕ್ಕ ತೆಗೆಸಿ, ಮಾಮಾ ಅಝ್ಮತ್ ಎಂಬ ಹಳೆಯ ಕೆಲಸದಾಕೆ ವರ್ಷಗಳಿಂದ ನುಂಗುತ್ತಾ ಬಂದಿದ್ದನ್ನು ಬಯಲಿಗೆಳೆಯುತ್ತಾಳೆ. ಗಂಡನನ್ನು ಉದ್ಯೋಗಕ್ಕೆ ಹಚ್ಚುತ್ತಾಳೆ. ಮನೆಯಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಾಳೆ. ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಆದರೆ ಇಡೀ ಕಾದಂಬರಿಯಲ್ಲಿ ಅವಳು ಗಂಡನನ್ನು ಪ್ರೀತಿಸುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. 1857ರಲ್ಲಿ ದಿಲ್ಲಿ ಹಾಳಾಗಿ ಹೋದ ನಂತರ, ಇದ್ದಬದ್ದ ಮರ್ಯಾದೆಯನ್ನು ಜೋಪಾನ ಮಾಡಿಕೊಳ್ಳಬೇಕಿದ್ದ ಶರೀಫ್ ಮನೆತನಗಳಿಗೆ ಬೇಕಾಗಿದ್ದುದು ಸಂಸಾರ ನಿಭಾಯಿಸುವ ಸೊಸೆ. ಪ್ರೇಮದ ಮಾತು ಗಝಲ್‌ಗೆ ಬಿಟ್ಟಿದ್ದು. ಗಝಲ್‌ನ ಪ್ರೇಯಸಿಯಂತೂ ಮನೆಯ ಹೆಂಡತಿಯಾಗಿರಲಿಲ್ಲ.

ಅದೇ ನಝೀರ್ ಅಹ್ಮದ್ 1891ರಲ್ಲಿ 'ಅಯಾಮಾ' ಎಂಬ ಇನ್ನೊಂದು ಕಾದಂಬರಿ ಬರೆದರು. ಇದನ್ನು ಓದುವವರು ಕಡಿಮೆ, ನಮಗೆ ಮಾತ್ರ ಇದು 'ಮಿರಾತ್'ಗಿಂತ ದೊಡ್ಡ ಕೃತಿಯೆನಿಸುತ್ತದೆ. ಅಯಾಮಾ ಎಂದರೆ ಸಂಗಾತಿಯಿಲ್ಲದವರು, ವಿಧವೆಯರು. ನಾಯಕಿ ಆಝಾದಿ ಬೇಗಂ ಎಳೆಯ ವಯಸ್ಸಿನಲ್ಲೇ ವಿಧವೆಯಾಗುತ್ತಾಳೆ. ಮರುಮದುವೆಗೆ ಕುರ್‌ಆನಿನ ಅಪ್ಪಣೆಯಿದೆ, ಸ್ವತಃ ಪ್ರವಾದಿಯವರ(ಸ) ಪತ್ನಿಯರಲ್ಲಿ ಹೆಚ್ಚಿನವರು ವಿಧವೆಯರಾಗಿದ್ದವರು. ಆದರೂ ಉತ್ತರ ಭಾರತದ 'ಖಾನ್‌ದಾನಿ' ಮುಸ್ಲಿಮರಲ್ಲಿ ಅದು ಅವಮಾನ. ಆಝಾದಿ ಬಾಯಿಮುಚ್ಚಿ ಬದುಕು ಸವೆಸುತ್ತಾಳೆ. ಸಾಯುವ ಹೊತ್ತಿಗೆ ಜನರನ್ನು ಕರೆಸಿ, ತನಗೂ ಆಸೆಯಿತ್ತು, ಮದುವೆಯಾಗಬೇಕೆಂದು ಮನಸ್ಸಿತ್ತು, ನಿಮ್ಮ ಮಾತಿಗೆ ಹೆದರಿ ಸುಮ್ಮನಿದ್ದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾಳೆ. ನೂರಮೂವತ್ತು ವರ್ಷಗಳ ಹಿಂದೆ ಗಡ್ಡದ ಮೌಲವಿಯೊಬ್ಬರು, ಕುರ್‌ಆನನ್ನು ಉರ್ದುವಿಗೆ ಅನುವಾದಿಸಿದವರು, ಹೆಣ್ಣಿನ ಬಾಯಲ್ಲಿ ಈ ಮಾತು ಹೇಳಿಸಿದರು.

ಆದರೆ ಸಾಯುವಾಗ ಹೇಳಿಸಿದರು. ಇಲ್ಲಿ ನಮ್ಮ ಮಂಗಳೂರನ್ನು ನೆನೆಯದೆ ಇರಲಾಗದು. 'ಅಯಾಮಾ' ಬಂದ ಎಂಟು ವರ್ಷಕ್ಕೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಅದರ ನಾಯಕಿಯೂ ವಿಧವೆ, ಸಾರಸ್ವತ ಬ್ರಾಹ್ಮಣ ಮನೆತನದವಳು. ಅವಳು ಓದಿ, ಮರುಮದುವೆಯಾಗಿ ಬಾಳುತ್ತಾಳೆ. ಧರ್ಮವೇ ಅಪ್ಪಣೆ ಕೊಟ್ಟಿದ್ದ ಸಮುದಾಯದ ನಾಯಕಿ ಒಂಟಿಯಾಗಿ ಸತ್ತಳು, ಕೈಹಿಡಿದು ತಡೆದಿದ್ದ ಸಮುದಾಯದ ನಾಯಕಿ ಬದುಕಿದಳು. ಇದರಲ್ಲಿ ನಾವು ಯೋಚಿಸಬೇಕಾದದ್ದು ಬಹಳಷ್ಟಿದೆ.

ಗಂಡಸರು ಬರೆದ ಈ ಹೆಣ್ಣುಗಳ ನಡುವೆ ಪಾಟ್ನಾದ ರಶೀದುನ್ನಿಸಾ ಅವರನ್ನೂ ನೆನೆಯೋಣ. ಉರ್ದುವಿನಲ್ಲಿ ಕಾದಂಬರಿ ಬರೆದ ಮೊದಲ ಮಹಿಳೆ ಎಂಬ ಗೌರವ ಅವರಿಗೆ ಸಲ್ಲುತ್ತದೆ. 'ಇಸ್ಲಾಹುನ್ನಿಸಾ'ವನ್ನು ಅವರು ಬರೆದದ್ದು 1881ರಲ್ಲಿ, ಅಚ್ಚಾದದ್ದು 1894ರಲ್ಲಿ. ಮಗ ಬ್ಯಾರಿಸ್ಟರ್ ಆದ ಮೇಲೆಯೇ ಅದಕ್ಕೆ ಬೆಳಕು ಕಾಣುವ ಯೋಗ ಬಂದಿತು. ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ: ಇಂಥವರ ತಾಯಿ, ಇಂಥವರ ಮಗಳು, ಇಂಥವರ ಸಹೋದರಿ ಎಂದಷ್ಟೇ ಇತ್ತು. ತ್ಯಾಗಮಯಿ ನಾಯಕಿಯನ್ನು ಹುಡುಕಲು ಪುಸ್ತಕದ ಒಳಗೆ ಹೋಗಬೇಕಾಗಿಯೇ ಇರಲಿಲ್ಲ.

ಕಣ್ಣೀರು ಉರ್ದು ಕಾದಂಬರಿಯನ್ನು ತುಂಬಿಕೊಂಡದ್ದು ಅಲ್ಲಾಮಾ ರಾಶಿದುಲ್ ಖೈರಿಯವರಿಂದ. ದಿಲ್ಲಿಯಲ್ಲಿ 1908ರಲ್ಲಿ ಮಹಿಳೆಯರಿಗಾಗಿ 'ಇಸ್ಮತ್' ಮಾಸಿಕ ಆರಂಭಿಸಿದವರು ಅವರು. ಅದಕ್ಕೂ ಹತ್ತು ವರ್ಷ ಮೊದಲು ಲಾಹೋರಿನಲ್ಲಿ ಮುಹಮ್ಮದಿ ಬೇಗಂ ಮತ್ತು ಅವರ ಪತಿ ಸಯ್ಯಿದ್ ಮುಮ್ತಾಝ್ ಅಲಿ 'ತಹ್‌ಝೀಬೆ ನಿಸ್ವಾನ್' ವಾರಪತ್ರಿಕೆ ಶುರುಮಾಡಿದ್ದರು. ಖೈರಿಯವರಿಗೆ 'ಮುಸವ್ವಿರೆ ಗಮ್', ದುಃಖದ ಚಿತ್ರಕಾರ ಎಂದೇ ಬಿರುದು. ಅವರ ನಾಯಕಿಯರು ಸಹಿಸುತ್ತಾರೆ, ಕ್ಷಮಿಸುತ್ತಾರೆ, ಕ್ಷಯ ಹಿಡಿದು ಸಾಯುತ್ತಾರೆ. ಗಂಡ ತಲೆದಿಂಬಿನ ಪಕ್ಕ ಪಶ್ಚಾತ್ತಾಪ ಪಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ವಿಚಿತ್ರವೆಂದರೆ ಇದೇ ಖೈರಿ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಸಿಗಬೇಕು, ಖುಲಾದ ಹಕ್ಕು ಸಿಗಬೇಕು ಎಂದು ಬದುಕಿಡೀ ಹೋರಾಡಿದವರು, ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದವರು. ಲೇಖನದಲ್ಲಿ ಹಕ್ಕು, ಕಾದಂಬರಿಯಲ್ಲಿ ಕಣ್ಣೀರು. ಗಂಡಸರ ಮನ ಕರಗಿಸಲು ಅದು ಅವರ ಉಪಾಯವಾಗಿದ್ದಿರಬೇಕು. ಕರಗಿದವರೆಷ್ಟೋ ತಿಳಿಯದು. ಓದಿದ ಹುಡುಗಿಯರು ಮಾತ್ರ ಸಹನೆ ಎಂದರೆ ಇದೇ ಎಂದು ಕಲಿತರು.

ಕಾದಂಬರಿಯ ಹೊರಗಿನ ಹೆಣ್ಣುಗಳು ಅದೇ ಕಾಲದಲ್ಲಿ ಬೇರೇನನ್ನೋ ಮಾಡುತ್ತಿದ್ದರು. ಗಂಡ ಕಾಣೆಯಾಗಿದ್ದರೂ, ಅನ್ನ ಹಾಕದೆ ಬಿಟ್ಟಿದ್ದರೂ ಹನಫೀ ಮದ್‌ಹಬಿನ ಪ್ರಕಾರ ವಿವಾಹ ರದ್ದುಪಡಿಸಲು ದಾರಿಯಿಲ್ಲವೆಂದು ನ್ಯಾಯಾಲಯಗಳು ಹೇಳುತ್ತಿದ್ದಾಗ, ಪಂಜಾಬಿನ ಕೆಲವು ಮಹಿಳೆಯರು ಬಿಡುಗಡೆಗಾಗಿ ಧರ್ಮವನ್ನೇ ತೊರೆದರು. ಇದು ಉಲಮಾಗಳನ್ನು ಬೆಚ್ಚಿಬೀಳಿಸಿತು. 'ಬಿಹಿಶ್ತೀ ಝೇವರ್' ಬರೆದ ಮೌಲಾನಾ ಅಶ್ರಫ್ ಅಲಿ ಥಾನವಿಯವರೇ 1930ರ ದಶಕದ ಆರಂಭದಲ್ಲಿ, ಇಂಥ ಸಂಕಟಗಳಲ್ಲಿ ಮಾಲಿಕೀ ಮದ್‌ಹಬನ್ನು ಅನುಸರಿಸಬಹುದೆಂದು ಗ್ರಂಥ ರಚಿಸಿದರು. ಅದರ ಬೆನ್ನಿಗೇ ಬಂದದ್ದು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಣ್ಣು ಬಿಡುಗಡೆ ಕೇಳಬಹುದು. ನಮ್ಮ ದೇಶದಲ್ಲಿ ಇಂದಿಗೂ ಜಾರಿಯಲ್ಲಿರುವ ಕಾನೂನಿದು. ಇದನ್ನು ತಂದದ್ದು ಸಹಿಸಿಕೊಂಡ ಹೆಣ್ಣುಗಳಲ್ಲ, ಕೋರ್ಟು ಮೆಟ್ಟಿಲೇರಿದವರು. ಅವರ ಮೇಲೆ ಒಂದೂ ಜನಪ್ರಿಯ ಕಾದಂಬರಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಬ್ರ್ ಎಂಬ ಪದವನ್ನು ಈ ಕಾದಂಬರಿಗಳು ಬಹಳ ಸವೆಸಿವೆ. ಬುಖಾರಿಯ ಹದೀಸ್ ಸಂಗ್ರಹದಲ್ಲಿ ಬರೀರಾ(ರ) ಅವರ ಪ್ರಸಂಗವಿದೆ. ದಾಸ್ಯದಿಂದ ಬಿಡುಗಡೆಯಾದ ಬರೀರಾಗೆ ಗಂಡ ಮುಗೀಸ್‌ರ ಜೊತೆ ಇರಲು ಮನಸ್ಸಿರಲಿಲ್ಲ. ಮುಗೀಸ್ ಮದೀನಾದ ಬೀದಿಯಲ್ಲಿ ಅಳುತ್ತಾ ಅವರ ಹಿಂದೆ ಅಲೆಯುತ್ತಿದ್ದರು, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ಮರಳಿ ಹೋಗಬಾರದೇ ಎಂದು ಪ್ರವಾದಿಯವರು(ಸ) ಕೇಳಿದಾಗ ಬರೀರಾ, ಇದು ಆಜ್ಞೆಯೇ ಎಂದು ವಿಚಾರಿಸಿದರು. ಅಲ್ಲ, ಶಿಫಾರಸು ಎಂದರು. ಹಾಗಾದರೆ ನನಗೆ ಅವರು ಬೇಡ ಎಂದರು ಬರೀರಾ. ಯಾರೂ ಅವರನ್ನು ಕೆಟ್ಟ ಹೆಂಗಸು ಎನ್ನಲಿಲ್ಲ. ಉರ್ದು ಕಾದಂಬರಿಗೆ ಬೇಕಿದ್ದ ನಾಯಕಿ ಏಳನೇ ಶತಮಾನದಲ್ಲೇ ಸಿದ್ಧಳಿದ್ದಳು.

1940ರ ದಶಕದಲ್ಲಿ ಇಸ್ಮತ್ ಚುಗ್ತಾಯಿ 'ಟೇಢೀ ಲಕೀರ್'ನ ಶಮನ್‌ಳನ್ನು ತಂದು ಈ ಪರಂಪರೆಗೆ ಸರಿಯಾದ ಪೆಟ್ಟು ಕೊಟ್ಟರು. ಆದರೆ ಆ ಪುಸ್ತಕ ಸಾಹಿತ್ಯದ ಕಪಾಟಿನಲ್ಲಿ ಉಳಿಯಿತು. ಅಡುಗೆಮನೆಗೆ, ಹಾಸಿಗೆಯ ಪಕ್ಕಕ್ಕೆ ಹೋದದ್ದು ಮಾಸಿಕ ಡೈಜೆಸ್ಟುಗಳು. ಇವುಗಳ ಕಾದಂಬರಿಕಾರ್ತಿಯರು ಒಂದು ಜಾಣತನ ಮಾಡಿದರು: ನಿಕಾಹನ್ನು ಕೊನೆಯ ಅಧ್ಯಾಯದಿಂದ ಎತ್ತಿ ಮೊದಲಿಗೆ ತಂದಿಟ್ಟರು. ಮದುವೆಯೇ ಮೊದಲು, ಪ್ರೀತಿ ಆಮೇಲೆ. ಹೀಗಾಗಿ ನಾಚಿಕೆ, ಕೋಪ, ಸ್ಪರ್ಶ, ಕಾಯುವಿಕೆ ಎಲ್ಲವನ್ನೂ ಬರೆಯಬಹುದು, ತಾಯಂದಿರು ಪುಸ್ತಕ ಕಿತ್ತುಕೊಳ್ಳುವುದಿಲ್ಲ. ಅಸ್ಗರಿಗೆ ಇಲ್ಲದಿದ್ದ ಅವಕಾಶವಿದು: ಗಂಡನನ್ನು ಪ್ರೀತಿಸಲು ಕಲಿಯುವುದು. ನಮ್ಮ ಹೆಚ್ಚಿನ ಮನೆಗಳಲ್ಲಿ ಮದುವೆ ಆಗುವುದು ಹೀಗೆಯೇ ಆದ್ದರಿಂದ ಓದುಗರಿಗೆ ಅದು ಕನಸಷ್ಟೇ ಅಲ್ಲ, ತಮ್ಮದೇ ಬದುಕಿಗೆ ಒಂದು ಸಮರ್ಥನೆಯೂ ಹೌದು. ಉಮೈರಾ ಅಹ್ಮದ್‌ರ 'ಝಿಂದಗಿ ಗುಲ್‌ಝಾರ್ ಹೈ'ಯ ಕಶಫ್ ಕೂಡ ಹೀಗೆ ಕಲಿಯುವವಳೇ. ಆದರೆ ಅವಳು ಸರಕಾರಿ ಅಧಿಕಾರಿ. ಗಂಡುಮಗುವಿಗಾಗಿ ಇನ್ನೊಂದು ಮದುವೆಯಾದ ತಂದೆಯನ್ನು ಕಂಡು ಬೆಳೆದವಳು. ಸುಮ್ಮನಿದ್ದು ಸಹಿಸುವ ಗುಣ ಅವಳಲ್ಲಿಲ್ಲ.

ಖಿರದ್‌ಳ ವಿಷಯದಲ್ಲಿ ನಮ್ಮ ತಕರಾರಿದೆ. ಸತಿಯ ಶೀಲದ ಮೇಲೆ ಸಾಕ್ಷಿಯಿಲ್ಲದೆ ಆರೋಪ ಹೊರಿಸುವುದು ಕುರ್‌ಆನ್ ಪ್ರಕಾರ ಎಂಥ ಅಪರಾಧವೆಂದು ಸೂರಃ ಅನ್ನೂರ್ ಓದಿದ ಮಕ್ಕಳಿಗೂ ಗೊತ್ತು: ನಾಲ್ವರು ಸಾಕ್ಷಿಗಳನ್ನು ತರದವರಿಗೆ ಎಂಬತ್ತು ಛಡಿಯೇಟು. ಕಥೆಯ ತುಂಬ ಮುಸ್ಲಿಮರೇ ಇದ್ದರೂ ಆ ಮನೆಯಲ್ಲಿ ಯಾರಿಗೂ ಅದು ನೆನಪಾಗುವುದಿಲ್ಲ. ಮಹ್ರ್‌ನ ಮಾತಿಲ್ಲ, ಅಷ್ಟು ವರ್ಷಗಳ ಜೀವನಾಂಶದ ಮಾತಿಲ್ಲ. ಹ. ಆಯಿಶಾ(ರ) ಅವರ ಮೇಲೆ ಅಪವಾದ ಬಂದು, ಕೊನೆಗೆ ದಿವ್ಯವಾಣಿಯೇ ಅವರ ನಿರ್ದೋಷಿತ್ವ ಸಾರಿದಾಗ, ಎದ್ದು ಪ್ರವಾದಿಯವರಿಗೆ(ಸ) ಕೃತಜ್ಞತೆ ಹೇಳು ಎಂದರು ತಾಯಿ. ನಾನು ಅಲ್ಲಾಹನನ್ನು ಮಾತ್ರ ಸ್ತುತಿಸುವೆ ಎಂದರು ಆಯಿಶಾ. ಆ ಆತ್ಮಗೌರವದ ಒಂದು ಎಳೆ ಖಿರದ್‌ಳಲ್ಲೂ ಇದೆ ಎನ್ನುವುದನ್ನು ಒಪ್ಪಬೇಕು. ಮರಳಿ ಬಂದಾಗ ಅವಳು ಕ್ಷಮೆ ಕೇಳುವುದಿಲ್ಲ, ಆಶ್ರಯ ಬೇಡುವುದಿಲ್ಲ. ಮಗಳ ಚಿಕಿತ್ಸೆಯ ಖರ್ಚು ತಂದೆಯ ಹೊಣೆ, ಕೊಡು ಎನ್ನುತ್ತಾಳೆ. ಇಡೀ ಕಥೆಯಲ್ಲಿ ನಮಗೆ ಹೆಚ್ಚು ಇಷ್ಟವಾಗುವ ಘಟ್ಟವಿದು. ಆಮೇಲಿನ ಪುನರ್ಮಿಲನ ಖೈರಿಯವರ ಪಶ್ಚಾತ್ತಾಪದ ಗಂಡನದೇ ಹೊಸ ರೂಪ. ವ್ಯತ್ಯಾಸವೆಂದರೆ ಈ ಬಾರಿ ನಾಯಕಿ ಬದುಕಿರುತ್ತಾಳೆ.

ಕನ್ನಡದಲ್ಲಿ ಬರೆದ ನಮ್ಮ ಹೆಣ್ಣುಮಕ್ಕಳು ಈ ಸಿಹಿ ಅಂತ್ಯವನ್ನು ಕೊಡಲೊಪ್ಪಲಿಲ್ಲ. ಸಾರಾ ಅಬೂಬಕ್ಕರ್‌ರ 'ಚಂದ್ರಗಿರಿಯ ತೀರದಲ್ಲಿ'ಯ ನಾದಿರಾ ಗಂಡನನ್ನು ಪ್ರೀತಿಸುತ್ತಾಳೆ, ಗಂಡನೂ ಅವಳನ್ನು ಪ್ರೀತಿಸುತ್ತಾನೆ. ತಂದೆಯ ಹಟ ಮತ್ತು ತಲಾಕಿನ ನಂತರದ ಒಂದು ದಿನದ ಮದುವೆಯ ಷರತ್ತು ಅವಳನ್ನು ಮಸೀದಿಯ ಕೆರೆಗೆ ತಳ್ಳುತ್ತವೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್‌ರ 'ಎದೆಯ ಹಣತೆ'ಯಲ್ಲಿ, ಗಂಡನ ದ್ರೋಹಕ್ಕೆ ನೊಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರು ತಿರುಗಿ ಅಲ್ಲಿಗೇ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಬಂದು ತಡೆಯುವವನು ಪಶ್ಚಾತ್ತಾಪದ ಗಂಡನಲ್ಲ. ಎಳೆಗೂಸನ್ನು ಎತ್ತಿಕೊಂಡು ಓಡಿಬರುವ ಮಗಳು ಸಲ್ಮಾ.